ಠಾಣೆಯ ವರದಿ, ರಾಜ್ಯಪಾಲರ ಸಹಿ: ಶಿಕಾರಿಪುರ–ಸೊರಬ ಸೀಮೆಯಲ್ಲಿ ಪೆರೋಲ್ ಮತ್ತು ಕ್ಷಮಾದಾನದ ವಿಚಾರಣೆ

ಕೈದಿಯೊಬ್ಬನನ್ನು ಅವಧಿಗೆ ಮೊದಲೇ ಬಿಡಬಹುದೇ, ಅವನ ಶಿಕ್ಷೆಯನ್ನು ಇಳಿಸಬಹುದೇ ಎಂದು ಊರಿಗೆ ಹೋಗಿ ವಿಚಾರಿಸಿ ವರದಿ ಬರೆಯುವುದಕ್ಕೆಂದೇ ಅಮೆರಿಕದ ಕೆಲವು ರಾಜ್ಯಗಳಲ್ಲಿ ಸರ್ಕಾರಿ ನೌಕರರಿದ್ದಾರೆ. ಜಾರ್ಜಿಯಾ ರಾಜ್ಯವಂತೂ 1943ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿ, ಈ ಅಧಿಕಾರವನ್ನು ಗವರ್ನರ್ ಕೈಯಿಂದ ತೆಗೆದು ಒಂದು ಮಂಡಳಿಗೆ ಒಪ್ಪಿಸಿತು. ಕರ್ನಾಟಕದಲ್ಲಿ ಅಂಥ ಹುದ್ದೆಯಿಲ್ಲ. ಕೆಲಸ ಮಾತ್ರ ಇದೆ. ಅದು ಠಾಣೆಯ ಸಬ್‌ಇನ್‌ಸ್ಪೆಕ್ಟರ್, ಪರಿವೀಕ್ಷಣಾಧಿಕಾರಿ, ಕಾರಾಗೃಹದ ಅಧೀಕ್ಷಕ, ಶಿಕ್ಷೆ ವಿಧಿಸಿದ ನ್ಯಾಯಾಲಯ, ಹೀಗೆ ಹಲವು ಕೈಗಳಲ್ಲಿ ಹಂಚಿಹೋಗಿದೆ. ಇವರಲ್ಲಿ ಊರಿಗೆ ಕಾಲಿಡುವವರು ಮೊದಲಿನ ಇಬ್ಬರು. ಅವರಲ್ಲೂ ಹೆಚ್ಚಾಗಿ ಹೋಗುವುದು ಠಾಣೆಯವರು, ಅಂದರೆ ಬೀಟಿನ ಪೇದೆ ಅಥವಾ ಎಎಸ್‌ಐ.

ಈ ಟಿಪ್ಪಣಿ ಮಂಡಿಸುವ ವಾದ ಇಷ್ಟು. ಕ್ಷಮೆಯ ಅಧಿಕಾರದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ರಾಜಭವನ, ಸಚಿವ ಸಂಪುಟ, ಸುಪ್ರೀಂ ಕೋರ್ಟುಗಳ ಸುತ್ತ ಇದೆ. ಆದರೆ ಅಲ್ಲಿಗೆ ಹೋಗುವ ಕಡತದಲ್ಲಿ ಕೈದಿಯ ಊರಿನ ಬಗ್ಗೆ ಏನಿದೆಯೋ ಅದು ತಾಲ್ಲೂಕಿನಲ್ಲಿ ಬರೆದದ್ದು. ಮೇಲೆ ಕುಳಿತವರಿಗೆ ಆ ಒಂದೆರಡು ಪುಟವನ್ನು ಪರೀಕ್ಷಿಸಿ ನೋಡುವ ಬೇರೆ ದಾರಿ ಹೆಚ್ಚುಕಡಿಮೆ ಇಲ್ಲ. ಹಾಗಾಗಿ ಆ ಪುಟ ಯಾವುದನ್ನು ಕೇಳುತ್ತದೆ, ಯಾವುದನ್ನು ಕೇಳುವುದಿಲ್ಲ ಎಂಬುದನ್ನು ಒಂದು ಸೀಮೆಯಲ್ಲಿ ನಿಂತು ನೋಡಬೇಕು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳನ್ನು ಆರಿಸಿಕೊಳ್ಳಲು ಕಾರಣ ಈಸೂರು.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಈ ಸೀಮೆಯ ಬಗ್ಗೆ ಏನನ್ನೇ ಬರೆಯಹೊರಟರೂ ಕೈ ಮೊದಲು ಹೋಗುವುದು ಶಾಸನಗಳ ಕಡೆಗೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರ ತಾಲ್ಲೂಕಿನವು, ಎಂಟನೆಯದರಲ್ಲಿ (1904) ಸೊರಬ ತಾಲ್ಲೂಕಿನವು ರಾಶಿಯಾಗಿ ಇವೆ. ಬಳ್ಳಿಗಾವಿಯ ಕೋಡಿಮಠದ 1162ರ ಶಾಸನ ಆ ಮಠವನ್ನು ವಿದ್ಯೆಯ ನೆಲೆ, ಅನ್ನದ ನೆಲೆ, ರೋಗಿಗಳಿಗೆ ಔಷಧಿಯ ನೆಲೆ, ಸಕಲ ಜೀವಿಗಳಿಗೆ ಅಭಯದ ನೆಲೆ ಎಂದೆಲ್ಲ ವರ್ಣಿಸುತ್ತದೆ. ಇದನ್ನು ಹಿಡಿದು 'ನಮ್ಮ ನೆಲದ ಕ್ಷಮಾಪರಂಪರೆ' ಎಂದು ಬರೆಯುವುದು ಸುಲಭ. ಆದರೆ ಆ ಅಭಯ ಮಠದ ಧರ್ಮಕ್ಕೆ ಸೇರಿದ್ದು. ಶಿಕ್ಷೆ ಕೊಟ್ಟ ಪ್ರಭುತ್ವವೇ ಶಿಕ್ಷೆಯನ್ನು ಇಳಿಸುವ ವಿಷಯಕ್ಕೂ ಅದಕ್ಕೂ ನಂಟು ಕಟ್ಟಲು ಆಧಾರ ಕಾಣುವುದಿಲ್ಲ. ಆದ್ದರಿಂದ ಬಳ್ಳಿಗಾವಿಯನ್ನು ಇಲ್ಲಿಗೇ ಬಿಡುತ್ತೇನೆ.

ಈಸೂರಿನ ಕತೆ ಕನ್ನಡ ಓದುಗರಿಗೆ ಹೊಸದಲ್ಲ. 1942ರ ಸೆಪ್ಟೆಂಬರಿನಲ್ಲಿ, ಕ್ವಿಟ್ ಇಂಡಿಯಾ ಚಳವಳಿಯ ಬಿಸಿಯಲ್ಲಿ, ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು ಹುಡುಗರಿಬ್ಬರನ್ನು ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿತು. ಊರಿಗೆ ಬಂದ ಸರ್ಕಾರದ ಅಮಲ್ದಾರ ಚೆನ್ನಕೃಷ್ಣಪ್ಪ ಮತ್ತು ಸಬ್‌ಇನ್‌ಸ್ಪೆಕ್ಟರ್ ಕೆಂಚೇಗೌಡ ಗಲಭೆಯಲ್ಲಿ ಸತ್ತರು. ಮೊಕದ್ದಮೆ ನಡೆದು 1943ರ ಮಾರ್ಚ್ 8ರಿಂದ 10ರ ನಡುವೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ ಎಂಬ ಐವರಿಗೆ ಗಲ್ಲಾಯಿತು. ಮಹಿಳೆಯರೂ ಸೇರಿ ಹಲವರಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಜೈಲಿದ್ದ ಜಾಗ ಇಂದು ಬೆಂಗಳೂರಿನ ಫ್ರೀಡಂ ಪಾರ್ಕ್.

ಇದನ್ನು ಸ್ವಾತಂತ್ರ್ಯ ಚಳವಳಿಯ ಕತೆಯಾಗಿ ಹಲವರು ಬರೆದಿದ್ದಾರೆ. ಕ್ಷಮಾದಾನದ ವಿಚಾರಣೆಯ ಕಡೆಯಿಂದ ನೋಡಿದರೆ ಬೇರೆ ಎರಡು ಸಂಗತಿ ಎದ್ದು ಕಾಣುತ್ತವೆ. ಒಂದು, ಕಾಲ. ಘಟನೆಯಿಂದ ನೇಣಿನವರೆಗೆ ಆರು ತಿಂಗಳು ಕೂಡ ಆಗಲಿಲ್ಲ. ತನಿಖೆ, ವಿಚಾರಣೆ, ಮೇಲ್ಮನವಿ, ಅರಮನೆಯ ಬಾಗಿಲು ಎಲ್ಲವೂ ಅಷ್ಟರೊಳಗೆ ಮುಗಿದವು. ಇನ್ನೊಂದು ಸಂಗತಿ ಹೆಚ್ಚು ಮುಖ್ಯ ಎನಿಸುತ್ತದೆ. ಸತ್ತವರಿಬ್ಬರೂ ಕೇವಲ ಇಬ್ಬರು ಅಧಿಕಾರಿಗಳಾಗಿರಲಿಲ್ಲ. ತಾಲ್ಲೂಕಿನ ಯಾವ ಊರಿನ ಬಗ್ಗೆ ಸರ್ಕಾರ ಏನನ್ನೇ ತಿಳಿಯಬೇಕಾದರೂ ಕೇಳುತ್ತಿದ್ದದ್ದು ಅಮಲ್ದಾರನನ್ನು ಮತ್ತು ಸಬ್‌ಇನ್‌ಸ್ಪೆಕ್ಟರನ್ನು. ಆರೋಪಿಯ ಮನೆತನ ಎಂಥದ್ದು, ಅವನನ್ನು ನೆಚ್ಚಿಕೊಂಡವರು ಎಷ್ಟು ಜನ, ಅವನು ಮುಂದಾಳೋ ಗುಂಪಿನಲ್ಲಿ ನಿಂತವನೋ ಎಂದು ಹೇಳಬೇಕಾಗಿದ್ದ ಎರಡು ಹುದ್ದೆಗಳೂ ಈಸೂರಿನ ಕೊಲೆಯಲ್ಲಿ ಬಾಧಿತ ಪಕ್ಷವಾಗಿಬಿಟ್ಟವು. ಆ ಕುರ್ಚಿಗಳಿಗೆ ಆಮೇಲೆ ಯಾರೇ ಬಂದು ಕುಳಿತರೂ ಆ ಊರಿನ ಬಗ್ಗೆ ತಟಸ್ಥವಾಗಿ ಬರೆಯುವ ಸ್ಥಿತಿಯಲ್ಲಿ ಇರಲಾರರು. ಊರು ತನ್ನ ಪರವಾಗಿ ಮಾತಾಡುವಂತೆಯೂ ಇರಲಿಲ್ಲ, ಊರೇ ಆರೋಪಿ. ಇಂದು ಅಮಲ್ದಾರನ ಜಾಗದಲ್ಲಿ ತಹಶೀಲ್ದಾರರಿದ್ದಾರೆ, ಸಬ್‌ಇನ್‌ಸ್ಪೆಕ್ಟರ್ ಹಾಗೆಯೇ ಇದ್ದಾರೆ. ಊರಿನ ಬಗ್ಗೆ ಸರ್ಕಾರಕ್ಕೆ ಹೇಳುವ ಬಾಯಿಗಳು ಎಂಬತ್ತು ವರ್ಷಗಳಲ್ಲಿ ಅಷ್ಟೇನೂ ಬದಲಾಗಿಲ್ಲ.

ಇನ್ನೂ ಒಂದು ಎಳೆ ಇದೆ. 1943ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರಾಣದಾನದ ಕೊನೆಯ ಮಾತು ಮಹಾರಾಜ ಜಯಚಾಮರಾಜ ಒಡೆಯರದ್ದು. ಸಂವಿಧಾನ ಜಾರಿಯಾದ ಮೇಲೆ ಅವರೇ ಮೈಸೂರಿನ ರಾಜಪ್ರಮುಖರಾದರು, 1956ರ ನವೆಂಬರಿನಿಂದ 1964ರವರೆಗೆ ರಾಜ್ಯಪಾಲರಾಗಿದ್ದರು. ಎಂದರೆ ಅರಸನ ಕೃಪೆಯಾಗಿದ್ದ ಅಧಿಕಾರ ಸಂವಿಧಾನದ 161ನೇ ವಿಧಿಯ ಅಧಿಕಾರವಾಗಿ ಮಾರ್ಪಟ್ಟಾಗ, ನಮ್ಮ ರಾಜ್ಯದಲ್ಲಿ ಸಹಿ ಹಾಕುವ ಕೈ ಮಾತ್ರ ಅದೇ ಇತ್ತು. ಅಧಿಕಾರದ ಸ್ವರೂಪವಂತೂ ಪೂರ್ತಿ ಬದಲಾಗಿತ್ತು. ಕ್ಷಮೆ ಎಂಬುದು ಅಧಿಕಾರದಲ್ಲಿರುವ ವ್ಯಕ್ತಿಯ ಖಾಸಗಿ ಕೃಪೆಯಲ್ಲ, ಸಂವಿಧಾನದ ವ್ಯವಸ್ಥೆಯ ಒಂದು ಅಂಗ ಎಂದು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೋಮ್ಸ್ 1927ರಲ್ಲಿ ಹೇಳಿದ್ದರು; ನಮ್ಮ ಸುಪ್ರೀಂ ಕೋರ್ಟು 1988ರ ಕೇಹರ್ ಸಿಂಗ್ ತೀರ್ಪಿನಲ್ಲಿ ಇದೇ ನಿಲುವನ್ನು ತಳೆಯಿತು. ಅದಕ್ಕೂ ಮೊದಲೇ, 1980ರ ಮಾರೂರಾಮ್ ಪ್ರಕರಣದಲ್ಲಿ, ರಾಜ್ಯಪಾಲರು ಈ ಅಧಿಕಾರವನ್ನು ಮಂತ್ರಿಮಂಡಲದ ಸಲಹೆಯಂತೆ ಚಲಾಯಿಸಬೇಕೆಂಬುದು ಖಚಿತವಾಗಿತ್ತು. ಕೃಪೆಗೆ ಕಾರಣ ಬೇಡ. ಸಂವಿಧಾನದ ಅಧಿಕಾರಕ್ಕೆ ಬೇಕು. ಆ ಕಾರಣಗಳನ್ನು ಒದಗಿಸಬೇಕಾದ್ದರಿಂದಲೇ ತಾಲ್ಲೂಕಿನ ವರದಿಗೆ ಈಗಿನ ತೂಕ ಬಂದಿತು ಎಂಬುದು ನನ್ನ ಓದು.

ಇಂದಿನ ಕಾನೂನನ್ನು ಬೇಗ ಹೇಳಿಬಿಡುತ್ತೇನೆ. ಕೈದಿ ಜೈಲಿನಿಂದ ಹೊರಗೆ ಬರುವ ಎರಡು ದಾರಿಗಳನ್ನು ಪತ್ರಿಕೆಗಳು ಆಗಾಗ ಕಲೆಸಿಬಿಡುತ್ತವೆ. ಪೆರೋಲ್ ಎಂದರೆ ನಮ್ಮಲ್ಲಿ ರಜೆ: ತಾಯಿಯ ಕಾಯಿಲೆ, ಮಗಳ ಮದುವೆ, ಮನೆ ರಿಪೇರಿ, ಬೇಸಾಯ ಮುಂತಾದ ಕಾರಣಕ್ಕೆ ಕೆಲವು ದಿನ ಹೋಗಿ ಮರಳಿ ಬರಬೇಕು. 1963ರ ಕರ್ನಾಟಕ ಕಾರಾಗೃಹ ಕಾಯ್ದೆ, 1974ರ ನಿಯಮಗಳು, 2021ರ ಕೈಪಿಡಿ ಇದನ್ನು ನಿಯಂತ್ರಿಸುತ್ತವೆ. ಎರಡನೆಯದು ಅವಧಿಪೂರ್ವ ಬಿಡುಗಡೆ, ಜನರ ಮಾತಿನಲ್ಲಿ 'ಸನ್ನಡತೆಯ ಮೇಲೆ ಬಿಡುಗಡೆ'. ಇದಕ್ಕೆ ದಂಡ ಪ್ರಕ್ರಿಯಾ ಸಂಹಿತೆಯ 432, 433, 433ಎ ಕಲಮುಗಳು ಆಧಾರವಾಗಿದ್ದವು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 473, 474, 475ನೇ ಕಲಮುಗಳು ಆ ಜಾಗಕ್ಕೆ ಬಂದಿವೆ. ಮರಣದಂಡನೆಯನ್ನೂ ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿಯಾಗಿದ್ದರೆ ಕನಿಷ್ಠ 14 ವರ್ಷ ಜೈಲಿನಲ್ಲೇ ಕಳೆದಿರಬೇಕು. ರಾಜ್ಯಪಾಲರ 161ನೇ ವಿಧಿಯ ಅಧಿಕಾರಕ್ಕೆ ಈ 14 ವರ್ಷದ ತಡೆ ಇಲ್ಲ. ಎರಡೂ ದಾರಿಗಳು ಬೇರೆ ಬೇರೆಯಾದರೂ ಊರಿನ ವಿಚಾರಣೆಯ ಹಂತಕ್ಕೆ ಬಂದಾಗ ಒಂದೇ ಠಾಣೆಯ ಅದೇ ಕೈಗೆ ಬರುತ್ತವೆ.

ಆನವಟ್ಟಿ ಠಾಣೆಯ ಸರಹದ್ದಿನ ಒಂದು ಹಳ್ಳಿಯನ್ನು ಊಹಿಸಿಕೊಳ್ಳೋಣ. ವರದಾ ಬಯಲಿನ ಭತ್ತದ ಊರು, ಈಚೆಗೆ ಗದ್ದೆಗಳಿಗೆ ಅಡಿಕೆ ಬಂದಿದೆ. ಬದುವಿನ ಜಗಳದಲ್ಲಿ ದಾಯಾದಿಯನ್ನು ಕಡಿದು ಜೀವಾವಧಿ ಶಿಕ್ಷೆಗೆ ಗುರಿಯಾದವನೊಬ್ಬ ಶಿವಮೊಗ್ಗದ ಸೋಗಾನೆಯ ಕೇಂದ್ರ ಕಾರಾಗೃಹದಲ್ಲಿದ್ದಾನೆ. ನಾಟಿಯ ಕಾಲಕ್ಕೆ ಪೆರೋಲ್ ಕೇಳುತ್ತಾನೆ. ಅರ್ಜಿ ಕಾರಾಗೃಹದ ಮುಖ್ಯ ಅಧೀಕ್ಷಕರಿಂದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಠಾಣೆಗೆ ಬರುತ್ತದೆ. ಊರಿಗೆ ಹೋದವರು ನೋಡಬೇಕಾದದ್ದು ಏನೆಂದರೆ ಹೇಳಿದ ಕಾರಣ ನಿಜವೇ, ಬಂದರೆ ಎಲ್ಲಿ ಇರುತ್ತಾನೆ, ಜಾಮೀನು ನಿಲ್ಲುವವರು ಯಾರು, ಸತ್ತವನ ಕಡೆಯವರು ಏನನ್ನುತ್ತಾರೆ, ಗಲಾಟೆಯಾಗುವ ಸಂಭವ ಇದೆಯೇ. ಮನೆಯವರ, ಅಕ್ಕಪಕ್ಕದವರ, ಪಂಚಾಯ್ತಿ ಸದಸ್ಯರ ಹೇಳಿಕೆ ಪಡೆದು ವರದಿ ಬಂದ ದಾರಿಯಲ್ಲೇ ಮೇಲೆ ಹತ್ತುತ್ತದೆ.

ಹೀಗೆ ಹೇಳಿದರೆ ಎಲ್ಲವೂ ಸರಳ. ಒಂದೊಂದು ಪ್ರಶ್ನೆಯನ್ನೂ ಈ ಊರಿನ ಮೇಲೆ ಇಟ್ಟು ನೋಡಿದಾಗ ಮಾತ್ರ ತೊಡಕು ತಿಳಿಯುತ್ತದೆ.

ಬೇಸಾಯದ ಕಾರಣ ನಿಜವೇ ಎಂಬುದಕ್ಕೆ ಮೊದಲ ದಾಖಲೆ ಪಹಣಿ. ಈ ಎರಡು ತಾಲ್ಲೂಕುಗಳಲ್ಲಿ ಪಹಣಿ ಯಾರ ಹೆಸರಿನಲ್ಲಿದೆ ಎಂಬುದಕ್ಕೂ ನೆಲವನ್ನು ಯಾರು ಉಳುತ್ತಾರೆ ಎಂಬುದಕ್ಕೂ ತಾಳೆಯಾಗದ ಮನೆಗಳು ಬೇಕಾದಷ್ಟು. ಅಜ್ಜ ತೀರಿಹೋಗಿ ದಶಕಗಳಾದರೂ ಪೌತಿ ಖಾತೆ ಆಗಿರುವುದಿಲ್ಲ. ಕಾಡಂಚಿನ ಊರುಗಳಲ್ಲಿ ಬಗರ್‌ಹುಕುಂ ಸಾಗುವಳಿ. ಅದನ್ನು ಸಕ್ರಮ ಮಾಡಿಕೊಡಿ ಎಂದು ನಮೂನೆ 53ರಲ್ಲೋ 57ರಲ್ಲೋ ಅರ್ಜಿ ಹಾಕಿ ಕಾಯುತ್ತಿರುವವರು. ಅವರಿಗೆ ಕೈಯಲ್ಲಿ ನೇಗಿಲಿದೆ, ಪಹಣಿಯಿಲ್ಲ. ಅಂಥ ಮನೆಯ ಕೈದಿ ಬೇಸಾಯಕ್ಕೆಂದು ರಜೆ ಕೇಳಿದರೆ 'ಅರ್ಜಿದಾರನ ಹೆಸರಿನಲ್ಲಿ ಯಾವುದೇ ಜಮೀನು ಇರುವುದಿಲ್ಲ' ಎಂಬ ಒಂದೇ ಸಾಲು ಸಾಕು, ಅರ್ಜಿ ಅಲ್ಲೇ ಕೂತಿತು. ಆ ಸಾಲು ಸುಳ್ಳೂ ಅಲ್ಲ. ಜಾಮೀನಿನ ವಿಷಯದಲ್ಲೂ ಇದೇ ಕತೆ. ಜಾಮೀನು ನಿಲ್ಲುವವನ ಬಳಿ ಆಸ್ತಿಯ ಕಾಗದ ಇರಬೇಕು. ಬಗರ್‌ಹುಕುಂ ಕೇರಿಯವರಿಗೆ ಜಾಮೀನು ನಿಲ್ಲುವವರು ಸಿಗುವುದು ಕೇರಿಯ ಹೊರಗೆ, ಯಾರಾದರೂ ದೊಡ್ಡ ಮನೆಯವರು ಮನಸ್ಸು ಮಾಡಿದರೆ. ಕಡತದಲ್ಲಿ ಎಲ್ಲೂ ಕಾಣದೆಯೂ ಜಮೀನಿನ ಹಳೆಯ ಲೆಕ್ಕಾಚಾರ ಹೀಗೆ ಪೆರೋಲಿನೊಳಗೆ ಬಂದು ಕೂರುತ್ತದೆ.

2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಬೇಸಾಯಕ್ಕಾಗಿ ಜೀವಾವಧಿ ಕೈದಿಯೊಬ್ಬನಿಗೆ 90 ದಿನದ ಪೆರೋಲ್ ಕೊಟ್ಟ ಆದೇಶ ಸುದ್ದಿಯಾಯಿತು. ನ್ಯಾಯಮೂರ್ತಿ ಹೇಮಂತ್ ಚಂದನಗೌಡರ್ ಅವರದ್ದು, ಕೈದಿ ಕನಕಪುರದ ಕಡೆಯವನು. ಜಮೀನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಗಂಡಾಳು ಇಲ್ಲ ಎಂಬುದು ಅಲ್ಲಿ ಮುಂದಿಟ್ಟ ಕಾರಣ. ಆದೇಶ ಮಾನವೀಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ 'ಗಂಡಾಳು ಇಲ್ಲ' ಎಂಬುದು ವರದಿಗಳ ಅಳತೆಗೋಲಾಗಿಬಿಟ್ಟರೆ ಈ ಸೀಮೆಯಲ್ಲಿ ಅದು ನಿಲ್ಲುವುದಿಲ್ಲ. ಸಸಿ ಕೀಳುವುದು, ನಾಟಿ ಮಾಡುವುದು, ಕಳೆ ತೆಗೆಯುವುದು, ಅಡಿಕೆ ಸುಲಿಯುವುದು ಬಹುಪಾಲು ಹೆಣ್ಣಾಳುಗಳ ಕೆಲಸ. ಮನೆಯಲ್ಲಿ ಅಣ್ಣನೋ ತಮ್ಮನೋ ಒಬ್ಬನಿದ್ದರೆ 'ಬೇಸಾಯಕ್ಕೆ ತೊಂದರೆ ಇಲ್ಲ' ಎಂದು ಬರೆದು ಮುಗಿಸಬಹುದು. ಕೈದಿಯ ಹೆಂಡತಿ ಮಳೆಗಾಲವಿಡೀ ಬೇರೆಯವರ ಗದ್ದೆಗೆ ಮುಯ್ಯಾಳಾಗಿ ಹೋಗಿ, ತನ್ನ ಗದ್ದೆಯ ಹೊತ್ತಿಗೆ ಜನ ಸಿಗದೆ ಒದ್ದಾಡಿದ್ದು ಆ ಸಾಲಿನೊಳಗೆ ಬರುವುದೇ ಇಲ್ಲ. ವಿಚಾರಣೆಗೆ ಬಂದವರು ಜಗಲಿಯಲ್ಲಿ ಕೂತು ಮಾತಾಡುವುದು ಗಂಡಸರ ಜೊತೆ.

ಕಾಲದ ಪ್ರಶ್ನೆಯೂ ಇದೆ. ನಾಟಿ ಯಾರಿಗೂ ಕಾಯುವುದಿಲ್ಲ. ಅರ್ಜಿ ಮೆಟ್ಟಿಲು ಇಳಿದು ಹತ್ತುವಷ್ಟರಲ್ಲಿ ಸಸಿ ಬಲಿತಿರುತ್ತದೆ. ದೀಪಾವಳಿಯ ಸುಮಾರಿಗೆ ಬಂದ ಅರ್ಜಿಗಳ ಪಾಡು ಬೇರೆ. ಆಗ ಶಿಕಾರಿಪುರ, ಸೊರಬ ಎರಡೂ ಕಡೆ ಹೋರಿ ಬೆದರಿಸುವ ಹಬ್ಬಗಳ ಸುಗ್ಗಿ. ಊರಿನಿಂದ ಊರಿಗೆ ಜನ ಸೇರುವ, ಹಳೆಯ ಹಗೆಗಳು ಮೇಲೇಳುವ ದಿನಗಳಲ್ಲಿ ಕೊಲೆ ಪ್ರಕರಣದ ಕೈದಿಯೊಬ್ಬ ಊರಿಗೆ ಬರುವುದನ್ನು ಯಾವ ಸಬ್‌ಇನ್‌ಸ್ಪೆಕ್ಟರೂ ಬಯಸಲಾರ. ಅದು ಅರ್ಥವಾಗುವಂಥದ್ದೇ. ಆದರೆ ಆ ಆತಂಕ ಎರಡು ವಾರದ್ದು. ವರದಿಯಲ್ಲಿ ಅದು 'ಬಿಡುಗಡೆಯಾದಲ್ಲಿ ಶಾಂತಿಭಂಗವಾಗುವ ಸಂಭವವಿರುತ್ತದೆ' ಎಂಬ ಕಾಲಾತೀತ ವಾಕ್ಯವಾಗಿ ಇಳಿಯುತ್ತದೆ.

ಈ ಧಾಟಿಯ ವಾಕ್ಯವನ್ನು ಠಾಣೆಯವರ ಸೋಮಾರಿತನ ಎಂದು ತಳ್ಳಿಹಾಕುವುದು ಅನ್ಯಾಯ. ಅದರ ಹಿಂದೆ ಒಂದು ಲೆಕ್ಕವಿದೆ. ರಜೆಗೆ ಬಂದವನು ಏನಾದರೂ ಮಾಡಿಕೊಂಡರೆ, ಅಥವಾ ಮರಳಿ ಹೋಗದೆ ತಲೆತಪ್ಪಿಸಿಕೊಂಡರೆ, 'ಯಾವ ಅಭ್ಯಂತರವೂ ಇಲ್ಲ' ಎಂದು ಬರೆದವನನ್ನು ಹಿಡಿದು ಕೇಳುತ್ತಾರೆ. 'ಅಭ್ಯಂತರವಿದೆ' ಎಂದು ಬರೆದವನನ್ನು ಯಾರೂ ಏನೂ ಕೇಳುವುದಿಲ್ಲ. ಬೇಡವೆಂದು ಬರೆದದ್ದರಿಂದ ಒಂದು ಮನೆ ಎಷ್ಟು ಕಳೆದುಕೊಂಡಿತು ಎಂಬುದು ಯಾವ ರಿಜಿಸ್ಟರಿಗೂ ಬರುವುದಿಲ್ಲ. ಪೊಲೀಸ್ ವರದಿ ವಿರುದ್ಧವಾಗಿದೆ ಎಂಬ ಒಂದೇ ಕಾರಣಕ್ಕೆ ನಿರಾಕರಿಸಿದ ಆದೇಶಗಳು ಹೈಕೋರ್ಟಿನಲ್ಲಿ ಬಿದ್ದುಹೋಗಿರುವುದುಂಟು. ಆದರೆ ಅಲ್ಲಿಗೆ ಹೋಗಬಲ್ಲವರು ಎಷ್ಟು ಜನ? ಸೊರಬದ ಹಳ್ಳಿಯಿಂದ ಬೆಂಗಳೂರಿನ ಪೀಠಕ್ಕೆ ರಿಟ್ ಹಾಕಲು ಬೇಕಾದ ವಕೀಲರ ಫೀಜು ಒಂದು ಎಕರೆಯ ಬೆಳೆಗೆ ಸಮ.

ಸತ್ತವನ ಕಡೆಯವರು ಏನನ್ನುತ್ತಾರೆ ಎಂಬ ಪ್ರಶ್ನೆಯ ಬಳಿ ಸ್ವಲ್ಪ ನಿಲ್ಲಬೇಕು. ಅದು ನ್ಯಾಯವಾದ ಪ್ರಶ್ನೆ. ಗಂಡನನ್ನೋ ಮಗನನ್ನೋ ಕಳೆದುಕೊಂಡ ಮನೆಗೆ, ಕೊಂದವನು ಮುಂದಿನ ವಾರ ಎದುರು ಬದುರಾಗುತ್ತಾನೆ ಎಂಬುದನ್ನು ಮೊದಲೇ ತಿಳಿಸುವುದು ಸರ್ಕಾರದ ಕನಿಷ್ಠ ಕರ್ತವ್ಯ. ಆದರೆ ನಾವು ಊಹಿಸಿಕೊಂಡ ಊರಿನಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆ ಇದೆ, ಬಾವಿಯೂ ಒಂದೇ. ಇಬ್ಬರೂ ದಾಯಾದಿಗಳಾದ್ದರಿಂದ ಊರ ಹಿರಿಯರಲ್ಲಿ ಯಾರನ್ನು ಕೇಳಿದರೂ ಒಂದಲ್ಲ ಒಂದು ಕಡೆಯ ನೆಂಟರೇ. ಬದುವಿನ ವ್ಯಾಜ್ಯ ಸಿವಿಲ್ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿದ್ದರೆ ಕೈದಿ ಊರಿಗೆ ಬಾರದಿರುವುದೇ ಒಂದು ಪಕ್ಷಕ್ಕೆ ಅನುಕೂಲ. ಹಾಗಿರುವಾಗ 'ಮೃತರ ಕಡೆಯವರ ತೀವ್ರ ವಿರೋಧವಿದೆ' ಎಂಬ ಸಾಲಿನಲ್ಲಿ ದುಃಖ ಎಷ್ಟು, ಭಯ ಎಷ್ಟು, ಜಮೀನಿನ ಆಸೆ ಎಷ್ಟು ಎಂದು ಶಿವಮೊಗ್ಗದಲ್ಲಿ ಕೂತವರಿಗೆ ಬಿಡಿಸಿ ನೋಡಲಾಗದು. ಬಿಡಿಸಬಲ್ಲವನು ಊರಿಗೆ ಹೋದ ಪೇದೆ ಒಬ್ಬನೇ. ಅವನಿಗೆ ಇದೆಲ್ಲ ಗೊತ್ತಿರುತ್ತದೆ ಕೂಡ. ಬರೆಯುವುದಕ್ಕೆ ನಮೂನೆಯಲ್ಲಿ ಜಾಗವಿಲ್ಲ. ನನಗಂತೂ ಈ ವಿಚಾರಣೆಯ ದೊಡ್ಡ ನಷ್ಟ ಇದೇ ಎನಿಸುತ್ತದೆ: ತಿಳಿದವನು ಬರೆಯುವುದಿಲ್ಲ, ಬರೆದದ್ದನ್ನು ಓದುವವರಿಗೆ ತಿಳಿಯುವುದಿಲ್ಲ.

ಅವಧಿಪೂರ್ವ ಬಿಡುಗಡೆಯ ವರದಿಗೆ ಬಂದರೆ ತೊಡಕು ಇನ್ನೂ ಆಳದ್ದು. 2000ದ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೋಡಬೇಕಾದ ಅಂಶಗಳನ್ನು ಹೇಳಿತು. ಅಪರಾಧ ಒಬ್ಬ ವ್ಯಕ್ತಿಯ ಮಟ್ಟದ್ದೋ ಇಡೀ ಸಮಾಜಕ್ಕೆ ಪೆಟ್ಟು ಕೊಟ್ಟದ್ದೋ, ಮತ್ತೆ ಅಪರಾಧ ಮಾಡುವ ಸಂಭವ ಇದೆಯೋ, ಮಾಡುವ ಶಕ್ತಿಯೇ ಉಡುಗಿದೆಯೋ, ಇನ್ನೂ ಒಳಗಿಟ್ಟು ಏನು ಪ್ರಯೋಜನ, ಮನೆಯ ಸ್ಥಿತಿಗತಿ ಏನು. ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯವೂ ಈ ಅಂಶಗಳನ್ನು ಮುಟ್ಟಬೇಕು, ಕಾರಣ ಕೊಡದ ಅಭಿಪ್ರಾಯ ಸಾಲದು ಎಂದು 2022ರ ರಾಮ್ ಚಂದರ್ ತೀರ್ಪು ಸೇರಿಸಿತು. ಕಷ್ಟವೆಂದರೆ 14 ವರ್ಷ ಕಳೆದ ಮೇಲೆ ಆ ನ್ಯಾಯಾಲಯದಲ್ಲಿ ಅಂದಿನ ನ್ಯಾಯಾಧೀಶರು ಇರುವುದಿಲ್ಲ. ಠಾಣೆಯಲ್ಲಿ ಅಂದಿನ ತನಿಖಾಧಿಕಾರಿ ಇರುವುದಿಲ್ಲ, ಬೀಟಿನ ಪೇದೆ ಹತ್ತಾರು ಸಲ ಬದಲಾಗಿರುತ್ತಾನೆ. ಹಾಗಾಗಿ ಹೊಸಬರು ತೆಗೆದು ನೋಡುವುದು ಹಳೆಯ ದೋಷಾರೋಪ ಪಟ್ಟಿಯನ್ನು. ಅಪರಾಧದ ದಿನ ಅವನು ಏನಾಗಿದ್ದನೋ ಅದೇ ಮತ್ತೆ ವರದಿಯಾಗಿ ಬರುತ್ತದೆ. ಅಷ್ಟರಲ್ಲಿ ಊರೂ ಅದೇ ಆಗಿರುವುದಿಲ್ಲ: ಎದುರಾಳಿ ಮನೆಯ ಹುಡುಗರು ಬೆಂಗಳೂರು ಸೇರಿರುತ್ತಾರೆ, ಜಗಳ ಹುಟ್ಟಿದ ಬದು ಅಡಿಕೆ ತೋಟದೊಳಗೆ ಹುದುಗಿರುತ್ತದೆ.

ಪೆರೋಲಿಗೂ ಬಿಡುಗಡೆಗೂ ಇರುವ ಇನ್ನೊಂದು ಗಂಟನ್ನು ಇಲ್ಲೇ ಹೇಳಬೇಕು. ರಜೆಗೆ ಬಂದು ಸರಿಯಾಗಿ ನಡೆದುಕೊಂಡು ಹೊತ್ತಿಗೆ ಸರಿಯಾಗಿ ಮರಳಿದ್ದು, ಮುಂದೆ ಬಿಡುಗಡೆಯ ವೇಳೆ ಕೈದಿಯ ಪರವಾಗಿರುವ ಬಲವಾದ ಸಾಕ್ಷ್ಯ. ಮೊದಲ ಪೆರೋಲನ್ನೇ ತಡೆದರೆ ಆ ಸಾಕ್ಷ್ಯ ಹುಟ್ಟುವುದೇ ಇಲ್ಲ. ಇತ್ತ, ಪೆರೋಲಿನಲ್ಲಿ ಹೊರಗಿದ್ದ ದಿನಗಳು 14 ವರ್ಷದ ನಿಜವಾದ ಸೆರೆವಾಸದ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಹೇಳಿದೆ. ಗದ್ದೆಗೆಂದು ತೆಗೆದುಕೊಂಡ ರಜೆ ಕೊನೆಯಲ್ಲಿ ಬಿಡುಗಡೆಯ ದಿನವನ್ನು ಅಷ್ಟೇ ಮುಂದಕ್ಕೆ ತಳ್ಳುತ್ತದೆ.

ಇಲ್ಲಿಯವರೆಗೆ 'ಬೇಡ' ಎಂಬ ವರದಿಯ ಮಾತಾಯಿತು. 'ಬಿಡಬಹುದು' ಎಂಬ ವರದಿಯೂ ಎಡವಬಹುದು, ಅದಕ್ಕೆ ಆಂಧ್ರಪ್ರದೇಶದ ಒಂದು ಉದಾಹರಣೆ ಸಾಕು. ಅಲ್ಲಿ 10 ವರ್ಷದ ಶಿಕ್ಷೆಯಾಗಿದ್ದ ರಾಜಕಾರಣಿಯೊಬ್ಬರ ಉಳಿದ ಶಿಕ್ಷೆಯನ್ನು ರಾಜ್ಯಪಾಲರು 2005ರಲ್ಲಿ ಮನ್ನಾ ಮಾಡಿದರು. ಎಪೂರು ಸುಧಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಅದನ್ನು ರದ್ದು ಮಾಡಿತು. ಕಡತದಲ್ಲಿ ಏನಿತ್ತೆಂಬುದು ತೀರ್ಪಿನಲ್ಲೇ ಇದೆ. ಜಿಲ್ಲಾ ಪರಿವೀಕ್ಷಣಾಧಿಕಾರಿಯ ವರದಿ ಕೈದಿಯನ್ನು ಒಂದು ಪಕ್ಷದ ಒಳ್ಳೆಯ ಕಾರ್ಯಕರ್ತನೆಂದು ಹೊಗಳಿತ್ತು. ಮೊದಲು ವಿರೋಧವಾಗಿ ಬರೆದಿದ್ದ ಅಧಿಕಾರಿಗಳ ಅಭಿಪ್ರಾಯ ಆಮೇಲೆ ತಿರುಗಿತ್ತು. ಸಹಿ ಬಿದ್ದದ್ದು ರಾಜಭವನದಲ್ಲಾದರೂ ಕೋರ್ಟು ಬಗೆದು ನೋಡಿದ್ದು ಜಿಲ್ಲೆಯ ಕಾಗದಗಳನ್ನು. ಶಿಕಾರಿಪುರ, ಸೊರಬ ಎರಡೂ ಮುಖ್ಯಮಂತ್ರಿಗಳನ್ನು ಕೊಟ್ಟ ತಾಲ್ಲೂಕುಗಳು. ಪ್ರಭಾವದ ನೆರಳು ಇಂಥ ಕಡೆ ಹೆಚ್ಚೆಂದು ನಾನು ಹೇಳುತ್ತಿಲ್ಲ, ಹೇಳಲು ಆಧಾರವೂ ಇಲ್ಲ. ಆದರೆ ಪ್ರಭಾವ ಇದ್ದಲ್ಲಿ ಅದು ಎಲ್ಲಿ ಕೈಯಿಡುತ್ತದೆ ಎಂಬುದನ್ನು ಆಂಧ್ರದ ತೀರ್ಪು ತೋರಿಸುತ್ತದೆ.

ಮರಣದಂಡನೆಯ ಕ್ಷಮಾ ಅರ್ಜಿಗಳಲ್ಲಿ ಊರಿನ ವರದಿಗಿಂತ ದೆಹಲಿಯ ವಿಳಂಬವೇ ದೊಡ್ಡ ವಿಷಯವಾಗಿದೆ. ವೀರಪ್ಪನ್ ತಂಡದವರೆನಿಸಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ನಾಲ್ವರ ಅರ್ಜಿ ವರ್ಷಗಟ್ಟಲೆ ಕೂತು 2013ರಲ್ಲಿ ತಿರಸ್ಕೃತವಾಯಿತು. 2014ರ ಜನವರಿಯಲ್ಲಿ ಶತ್ರುಘ್ನ ಚೌಹಾಣ್ ತೀರ್ಪು ವಿಳಂಬದ ಕಾರಣಕ್ಕೆ ಅವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಈಸೂರಿನ ಐವರಿಗೆ ಸಿಕ್ಕದ್ದು ಇದಕ್ಕೆ ತದ್ವಿರುದ್ಧವಾದ ಅವಸರ.

ಈಚಿನ ಎರಡು ತೀರ್ಪುಗಳು ತಾಲ್ಲೂಕಿನ ಕೆಲಸವನ್ನು ನೇರವಾಗಿ ಮುಟ್ಟುತ್ತವೆ. 2024ರ ಅಕ್ಟೋಬರಿನ ಗುಜರಾತಿನ ಪ್ರಕರಣದಲ್ಲಿ, ಬಿಡುಗಡೆಯಾದವನು ಎರಡು ವರ್ಷ ಸಭ್ಯವಾಗಿ ನಡೆದುಕೊಳ್ಳಬೇಕು ಎಂಬ ಷರತ್ತನ್ನು ಸುಪ್ರೀಂ ಕೋರ್ಟು ತೆಗೆದುಹಾಕಿತು; ಸಭ್ಯವೆಂದರೆ ಏನೆಂದು ಯಾರಿಗೂ ಖಚಿತವಾಗಿ ಹೇಳಲಾಗದು ಎಂಬುದು ಕಾರಣ. ಅಂಥ ಷರತ್ತು ಉಳಿದಿದ್ದರೆ ಸಭ್ಯತೆಯನ್ನು ಅಳೆಯುವ ಕೆಲಸ ಯಾವುದೋ ಊರಿನ ಬೀಟಿನ ಪೇದೆಯ ತಲೆಗೇ ಬರುತ್ತಿತ್ತು. 2025ರ ಫೆಬ್ರುವರಿ 18ರ ಆದೇಶ ಇನ್ನೂ ದೊಡ್ಡದು. ಅವಧಿಪೂರ್ವ ಬಿಡುಗಡೆಯ ನೀತಿ ಇರುವ ರಾಜ್ಯಗಳು ಕೈದಿ ಅರ್ಜಿ ಹಾಕಲಿ, ಬಿಡಲಿ, ಅರ್ಹನಾದ ಕೂಡಲೇ ತಾವಾಗಿಯೇ ಪ್ರಕರಣವನ್ನು ಪರಿಶೀಲಿಸಬೇಕು. ಅರ್ಜಿ ಬರೆಸಲು ಯಾರೂ ಇಲ್ಲದವನ ಕಡತವೂ ಇನ್ನು ಮೇಲೆ ಏಳುತ್ತದೆ. ಏಳುವ ಒಂದೊಂದು ಕಡತಕ್ಕೂ ಒಂದು ಊರಿನ ವರದಿ ಬೇಕು. ಶಿರಾಳಕೊಪ್ಪದ, ಆನವಟ್ಟಿಯ, ಸೊರಬದ ಠಾಣೆಗಳು ಅದನ್ನು ಇರುವ ಸಿಬ್ಬಂದಿಯಲ್ಲೇ ಮಾಡಬೇಕು.

ಪ್ರತ್ಯೇಕ ವಿಚಾರಣಾಧಿಕಾರಿಯ ಹುದ್ದೆ ಬೇಕೆಂದು ಕೇಳುವುದು ಸುಲಭ. ಅದು ಬರುವವರೆಗೆ ಈಗಿರುವ ನಮೂನೆಯಲ್ಲೇ ಕೆಲವನ್ನು ತಿದ್ದಬಹುದು. ಸತ್ತವನ ಮನೆಯವರ ಮಾತನ್ನು ಠಾಣೆಯ ಭಾಷೆಗೆ ಇಳಿಸದೆ ಅವರ ಮಾತಿನಲ್ಲೇ ಬರೆದು ಸಹಿ ಪಡೆಯಬಹುದು. ಅವರಿಗೂ ಕೈದಿಗೂ ನಡುವೆ ಸಿವಿಲ್ ದಾವೆ ಇದ್ದರೆ ಅದರ ನಂಬರನ್ನು ಪಕ್ಕದಲ್ಲೇ ನಮೂದಿಸಬಹುದು. ಶಾಂತಿಭಂಗದ ಆತಂಕಕ್ಕೆ ಯಾವ ದಿನಗಳು, ಯಾರಿಂದ, ಹಿಂದೆ ಏನಾದರೂ ಆಗಿತ್ತೇ ಎಂಬ ವಿವರವನ್ನು ಕಡ್ಡಾಯ ಮಾಡಬಹುದು. ವಿರುದ್ಧವಾದ ವರದಿಯ ಪ್ರತಿಯನ್ನು ಕೈದಿಗೆ ಕೊಟ್ಟು ಅವನ ಉತ್ತರ ಕೇಳಬಹುದು. ಕೈದಿಯ ಹೆಂಡತಿಯ ಅಥವಾ ತಾಯಿಯ ಹೇಳಿಕೆಯನ್ನು ಮಹಿಳಾ ಪೇದೆಯೊಬ್ಬರಿಂದ ಪ್ರತ್ಯೇಕವಾಗಿ ಪಡೆಯಬಹುದು. ಬೇಸಾಯದ ಪೆರೋಲಿಗೆ ಪಹಣಿಯ ಜೊತೆಗೆ ನಮೂನೆ 57ರ ಸ್ವೀಕೃತಿ ಚೀಟಿ, ಗ್ರಾಮ ಆಡಳಿತ ಅಧಿಕಾರಿಯ ಸಾಗುವಳಿ ದೃಢೀಕರಣ, ಪೌತಿ ಖಾತೆಯಾಗದ ಮನೆಗಳಲ್ಲಿ ವಂಶವೃಕ್ಷ ಇವನ್ನೂ ಆಧಾರವಾಗಿ ಒಪ್ಪಬಹುದು. ಕೊನೆಯದನ್ನು ಮಾಡಲು ಕಂದಾಯ ಇಲಾಖೆ ಮತ್ತು ಕಾರಾಗೃಹ ಇಲಾಖೆ ಒಂದು ಸುತ್ತೋಲೆಯ ಮೇಲೆ ಕೂಡಿ ಸಹಿ ಹಾಕಬೇಕು. ಅದು ಮುಂಗಾರಿಗೆ ಮೊದಲೇ ಹೊರಬಿದ್ದರೆ ಆ ವರ್ಷದ ನಾಟಿಗೆ ಉಪಯೋಗಕ್ಕೆ ಬರುತ್ತದೆ.